ಗಿರಣಿ ಕಟ್ಟೆಯ ಮೇಲಿನ ಪೂಜೆ

ಕಳೆದ ವಾರ ಜೇವರ್ಗಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಣ್ಣುಮಗಳು ಕಾಲ ಬುಡದಲ್ಲಿ ಒಂದು ಹಿಟ್ಟಿನ ಡಬ್ಬಿ ಇಟ್ಟುಕೊಂಡಿದ್ದಳು. ಆಗಷ್ಟೇ ಬೀಸಿಸಿಕೊಂಡು ಬಂದಿರಬೇಕು, ಮುಚ್ಚಳದ ಸಂದಿನಿಂದ ಬಿಸಿ ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು. ಡ್ರೈವರ್ ಚಾ ಕುಡಿಯಲು ಇಳಿದಿದ್ದ, ಎಂಜಿನ್ ಬಂದ್ ಮಾಡಿರಲಿಲ್ಲ. ಕಿಟಕಿಯ ಸರಳಿನ ಮೇಲೆ ನನ್ನ ಎಡಗೈ ಇತ್ತು. ಸರಳು ಸಣ್ಣಗೆ ನಡುಗುತ್ತಿತ್ತು. ಹಿಟ್ಟಿನ ವಾಸನೆ ನಮ್ಮ ಮನೆಯಲ್ಲಿ ದಿನವೂ ಇರುವಂಥದ್ದು, ಅದರಿಂದ ನನಗೆ ಯಾವತ್ತೂ ಏನೂ ನೆನಪಾಗಿಲ್ಲ. ಆದರೆ ಆ ವಾಸನೆ, ಅಂಗೈಯೊಳಗಿನ ಆ ನಡುಕ, ಎರಡೂ ಕೂಡಿ ಬಂದಾಗ ಮಾಸ್ತರು ನೆನಪಾದರು.

ನಮ್ಮ ಊರು ನೆಲೋಗಿ. ನಾನು ಮದುವೆಯಾಗಿ ಬಂದ ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ, ಹಿಂದೆ ನಾವಿರುವ ಕೋಣೆಗಳು. ಗಿರಣಿಯಲ್ಲಿ ಜೋಳ ಗೋಧಿ ಬೀಸುವ ಕಲ್ಲು ಒಂದು, ಖಾರ ಕುಟ್ಟುವ ಯಂತ್ರ ಒಂದು. ಗೋಡೆಗೆ ಹೊಂದಿಕೊಂಡ ಹಾಗೆ ಒಂದು ಉದ್ದನೆಯ ಕಲ್ಲಿನ ಕಟ್ಟೆ, ಪಾಳಿ ಕಾಯುವವರು ಕೂಡುವುದಕ್ಕೆ. ಮಾಸ್ತರು ಆ ಗೋಡೆಯ ಆಚೆಗಿನ ಮನೆಯವರು. ಆಳಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತರಾಗಿ ಊರಿಗೆ ಬಂದಿದ್ದರು. ಮಗಳನ್ನು ಅಫಜಲಪುರಕ್ಕೆ ಕೊಟ್ಟಿದ್ದರು. ಮನೆಯಲ್ಲಿ ಅವರೂ ಅವರ ಹೆಂಡತಿಯೂ. ಆಕೆಯನ್ನು ನಾನು ಅಕ್ಕಾರು ಎನ್ನುತ್ತಿದ್ದೆ.

ಮೊದಮೊದಲು ಮಾಸ್ತರಿಗೆ ನಮ್ಮ ಗಿರಣಿ ಕಂಡರೆ ಆಗುತ್ತಿರಲಿಲ್ಲ. ಬಂದ ಹೊಸದರಲ್ಲೇ ನಮ್ಮ ಮನೆಯವರನ್ನು ಕರೆದು ಹೇಳಿದ್ದರು. "ನೋಡಪಾ, ನಿನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕಂಗಿಲ್ಲ ನಾ. ಖರೆ ಮುಂಜಾನೆ ನಾ ಪೂಜಿಗಿ ಕುಂತಾಗ ಇದು ಶುರು ಆತಂದ್ರ ತಲಿಯಾಗೇ ಬೀಸಿದಂಗ ಆಗ್ತದ. ನನ್ನ ಪೂಜಿ ಮುಗೀತಂದ್ರ ಘಂಟಿ ಬಾರಸ್ತೇನಿ. ಆಮ್ಯಾಲ ಚಾಲೂ ಮಾಡು."

ನಮ್ಮವರು ಒಪ್ಪಿದರು. ಅಂದಿನಿಂದ ಅದೊಂದು ರೂಢಿಯಾಯಿತು. ಬೆಳಿಗ್ಗೆ ನಾನು ಗಿರಣಿಯ ಕಸ ಹೊಡೆದು, ಕಲ್ಲಿನ ಮೇಲಿನ ಬಾಯಿಗೆ ಜೋಳ ಸುರಿದು, ಸ್ವಿಚ್ಚಿನ ಹತ್ತಿರ ನಿಲ್ಲುತ್ತಿದ್ದೆ. ಗೋಡೆಯಾಚೆ ಘಂಟೆ ಕೇಳಿದ ಮೇಲೆಯೇ ಸ್ವಿಚ್ಚು. ಪಾಳಿಗೆ ಬಂದ ಹೆಂಗಸರು ನಗುತ್ತಿದ್ದರು. "ಏನವ್ವ, ನಿಮ್ಮ ಮಷೀನಿಗೂ ಶಾಲಿ ಘಂಟಿ ಹೊಡೀಬೇಕೇನು?" ಅನ್ನುತ್ತಿದ್ದರು.

ಒಂದು ದಿನ ಘಂಟೆ ಬರಲೇ ಇಲ್ಲ. ಬಹಳ ಹೊತ್ತು ಕಾದೆ. ಬಾಗಿಲಲ್ಲಿ ಡಬ್ಬಿಗಳ ಸಾಲು ಬೆಳೆಯಿತು. ಆಮೇಲೆ ಅಕ್ಕಾರೇ ಬಂದರು. ಕೂದಲು ಕಟ್ಟಿರಲಿಲ್ಲ, ಸೆರಗು ಎಲ್ಲೋ ಇತ್ತು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಯಾರಿಗೂ ಕೇಳಬಾರದೆಂಬ ಹಾಗೆ ಹೇಳಿದರು.

"ಲಿಂಗ ಕೈ ಬಿಟ್ಟು ಕೆಳಗ ಬಿದ್ದದ ಬೇ. ಬಿದ್ದದ್ದು ಅವರಿಗಿ ಗೊತ್ತೇ ಆಗಿಲ್ಲ. ಖಾಲಿ ಅಂಗೈ ಹಿಡಕೊಂಡು ಕಣ್ಣ ಮುಚ್ಚಿ ಹಂಗೇ ಕುಂತಿದ್ರು. ನಾ ನೋಡಿ ಚೀರಿದೆ."

ನಮ್ಮಲ್ಲಿ ಬೆಳಿಗ್ಗೆ ಸ್ನಾನವಾದ ಮೇಲೆ, ಕೊರಳಲ್ಲಿ ಧರಿಸಿದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಅದಾದ ಮೇಲೆಯೇ ಬಾಯಿಗೆ ಏನಾದರೂ. ನಾನೂ ಮಾಡುತ್ತೇನೆ, ಒಮ್ಮೊಮ್ಮೆ ಒಲೆಯ ಮೇಲೆ ಏನಿದೆ ಎಂದು ಯೋಚಿಸುತ್ತಲೇ ಮಾಡುತ್ತೇನೆ. ಮಾಸ್ತರು ಹಾಗಲ್ಲ. ಲಿಂಗವನ್ನು ದಿಟ್ಟಿಸಿ ನೋಡಿ, ಕೊನೆಗೆ ಕಣ್ಣು ಮುಚ್ಚಿ, ಅಂಗೈ ಮೇಲೆ ಅದರ ಭಾರವನ್ನಷ್ಟೇ ಹಿಡಿದು ಕೂಡುತ್ತಿದ್ದರಂತೆ. ಸಣ್ಣಂದಿನಿಂದ ಅವರಿಗೆ ಅದೇ ರೂಢಿ. ಅಂಥವರ ಕೈಯಿಂದ ಲಿಂಗ ಜಾರಿತ್ತು, ಜಾರಿದ್ದು ಕೈಗೆ ತಿಳಿದಿರಲಿಲ್ಲ.

ಸಕ್ಕರೆ ಕಾಯಿಲೆ ಅವರಿಗೆ ಬಹಳ ದಿನದ್ದು. ಕಾಲು ಮರಗಟ್ಟಿದ್ದು ನಮಗೆಲ್ಲ ಗೊತ್ತಿತ್ತು, ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ಬರಿಗಾಲಲ್ಲಿ ನಡೆದು ಬರುತ್ತಿದ್ದರು. ಕೈಗೂ ಬಂದಿದೆ ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಜೇವರ್ಗಿಯ ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿ ನೋಡಿ, ನರ ಸತ್ತಿವೆ, ತಿರುಗಿ ಬರುವುದು ಕಷ್ಟ ಎಂದರಂತೆ. ಗುಳಿಗೆ ನುಂಗಿದ ಮೇಲೆ ಊಟ ಮಾತ್ರ ತಪ್ಪಿಸಬೇಡಿ, ಜೀವಕ್ಕೆ ಅಪಾಯ ಎಂದರಂತೆ.

ಮಾಸ್ತರು ತಪ್ಪಿಸತೊಡಗಿದ್ದು ಅದನ್ನೇ. ಕೈಗೆ ಲಿಂಗ ತಿಳಿಯದೆ ಪೂಜೆ ಆಗಲಿಲ್ಲ, ಪೂಜೆ ಆಗದೆ ಊಟ ಹೇಗೆ... ಅದು ಅವರ ಲೆಕ್ಕ. ಕಣ್ಣಿಗೆ ಕಾಣುತ್ತದಲ್ಲ, ಸಾಲದೇ ಎಂದು ಅಕ್ಕಾರು ಕೇಳಿದರೆ "ಕಣ್ಣಿಗಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರೂ ಕಾಣತದ" ಎನ್ನುತ್ತಿದ್ದರು. ಮಧ್ಯಾಹ್ನವಾದರೂ ಎಲ್ಲಿ ಕೂತಿದ್ದರೋ ಅಲ್ಲೇ. ಒಮ್ಮೆ ದೇವರ ಜಗಲಿಯ ಮುಂದೆಯೇ ಬೆವತು ಒರಗಿಬಿಟ್ಟರು. ಅಕ್ಕಾರು ಬಾಯಿಗೆ ಬೆಲ್ಲ ತುರುಕಿ ಎಬ್ಬಿಸಿದರು. ಎಚ್ಚರವಾದ ಮೇಲೆ ಹೆಂಡತಿಯ ಮೇಲೆ ಸಿಟ್ಟು, ಪೂಜೆಯಾಗದೆ ತಿನ್ನಿಸಿದಳೆಂದು. ಅಕ್ಕಾರು ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತರು. ನನ್ನ ಮುಂದೆ ಅತ್ತು, "ಇವರು ಹಟ ಮಾಡೇ ಹೋಗ್ತಾರ ಬೇ" ಎಂದರು.

ಹಾಗಿರುವಾಗ ಒಂದು ಬೆಳಿಗ್ಗೆ ಮಾಸ್ತರು ಕೋಲು ಊರಿಕೊಂಡು ಗಿರಣಿಗೆ ಬಂದರು. ಘಂಟೆ ಕಾಯುವುದನ್ನು ನಾವು ಆಗ ಬಿಟ್ಟಿದ್ದೆವು, ಕಲ್ಲು ತಿರುಗುತ್ತಿತ್ತು. ನಮ್ಮವರಿಗೆ "ಇನ್ನ ಮ್ಯಾಲ ನನ್ನ ಸಲುವಾಗಿ ತಡೀಬ್ಯಾಡ್ರಿ" ಎಂದು ಹೇಳಲು ಬಂದದ್ದು. ಅಷ್ಟು ಹೇಳಿ ದಣಿದು ಕಟ್ಟೆಯ ಮೇಲೆ ಕೂತರು. ಕಟ್ಟೆಯ ಮೇಲೆ ಯಾರದೋ ಚೀಲದಿಂದ ಚೆಲ್ಲಿದ ಜೋಳದ ಕಾಳಿದ್ದವು. ಏನೋ ಯೋಚಿಸುತ್ತಾ ಕಾಳನ್ನು ಎಡ ಅಂಗೈಗೆ ಸರಿಸಿಕೊಂಡು ಕೂತಿದ್ದರು. ನಾನು ಹಿಟ್ಟು ತುಂಬುತ್ತಿದ್ದೆ. ಒಮ್ಮೆಲೇ ನನ್ನನ್ನು ಕರೆದರು. ಕಲ್ಲಿನ ಸದ್ದಿನಲ್ಲಿ ಕೇಳಲಿಲ್ಲ, ಕೋಲಿನಿಂದ ಡಬ್ಬಿಗೆ ಬಡಿದು ಕರೆದರು.

"ತಂಗಿ, ನನ್ನ ಕೈಯಾಗ ಏನರೆ ಅದ ಏನು ನೋಡು?" ಕೈ ಮುಷ್ಟಿಯಾಗಿತ್ತು, ಅವರು ಬೇರೆಡೆ ಮುಖ ಮಾಡಿದ್ದರು.

"ಮುಷ್ಟಿ ಬಿಚ್ಚಿದ್ರ ಕಾಣತದ್ರಿ ಸರ್."

ಬಿಚ್ಚಿದರು. "ಜ್ವಾಳ ಅವ್ರಿ" ಎಂದೆ. ಅವರು ಅಂಗೈಯನ್ನು ನೋಡಿದರು, ನನ್ನನ್ನು ನೋಡಿದರು, ಕಲ್ಲು ತಿರುಗಿಸುವ ಪಟ್ಟೆಯನ್ನು ನೋಡಿದರು. ಕಣ್ಣು ತುಂಬಿದ್ದವು. ಹಿಟ್ಟಿನ ಧೂಳಿಗೆ ಇರಬೇಕು ಎಂದುಕೊಂಡೆ ಆಗ.

ಮರುದಿನ ಕಲ್ಲು ಚಾಲೂ ಆಗುವ ಹೊತ್ತಿಗೆ ಒದ್ದೆ ತಲೆ, ಹಣೆಗೆ ವಿಭೂತಿ, ಹೆಗಲಿಗೆ ಮಡಿ ಟವೆಲು ಹಾಕಿಕೊಂಡು ಬಂದರು. ಕಟ್ಟೆಯ ಮೂಲೆ ಒರೆಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತರು. ಮೊಣಕೈ ಗೋಡೆಗೆ ತಾಗಿಸಿ, ಎಡ ಅಂಗೈ ಚಾಚಿ, ಲಿಂಗ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ನಾವೆಲ್ಲ ಕೆಲಸ ಮಾಡುತ್ತಲೇ ಇದ್ದೆವು, ಕಣ್ಣು ಮಾತ್ರ ಅತ್ತಲೇ. ಅವರ ಮುಖ ಹೇಗಾಯಿತು ಎಂಬುದನ್ನು ಹೇಳಲು ನನಗೆ ಬರುವುದಿಲ್ಲ. ಬಹಳ ದಿನದ ಮೇಲೆ ಊರಿಗೆ ಬಂದವರು ತಮ್ಮ ಮನೆಯ ಬಾಗಿಲು ತೆರೆದಿರುವುದನ್ನು ಕಂಡಾಗ ಹಾಗಿರುತ್ತದೋ ಏನೋ... ಪೂಜೆ ಮುಗಿಸಿ ಎದ್ದು ಹೋಗಿ, ಕೈಗೆ ಲಿಂಗ ತಿಳಿಯಿತು ಎಂದು ಹೇಳಿ ಎರಡು ರೊಟ್ಟಿ ತಿಂದರೆಂದು ಅಕ್ಕಾರು ಓಡಿ ಬಂದು ಹೇಳಿದರು.

ಊರಲ್ಲಿ ಮಾತು ಹುಟ್ಟದೆ ಇರುತ್ತದೆಯೇ? ಮನೆಯ ಜಗಲಿ ಬಿಟ್ಟು ಗಿರಣಿಯಲ್ಲಿ ಪೂಜೆ, ಅದೂ ಇಂಥ ಗದ್ದಲದಲ್ಲಿ, ಧೂಳಿನಲ್ಲಿ. ಪಾಳಿಗೆ ಕೂತ ಒಬ್ಬ ಮುದುಕಿ ನೇರವಾಗಿಯೇ ಕೇಳಿದಳು.

"ಏನ್ರಿ ಮಾಸ್ತರ್, ಶಿವಗ ಹಿಟ್ಟಿನ ಅಭಿಷೇಕ ಶುರು ಮಾಡೀರೇನು?"

"ಹೌದಬೇ. ನಾಳಿಗಿ ನಿನ್ನ ಗೋಧಿ ತರು. ಜ್ವಾಳ ಸಾಕಾಗೇದ ಅವಗ."

"ಹಿಂದಕ ಇದೇ ಗಿರಣಿಗಿ ಬೈತಿದ್ರಿ."

"ಬೈದೇನಿ. ಈಗ ಮಾಫಿ ಕೇಳಾಕ ದಿನಾ ಬರ್ತೇನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನಗೆ ತಿಳಿಯಲಿಲ್ಲ. ಗಿರಣಿಯಲ್ಲಿ ನಾನು ನಮ್ಮವರಿಗೆ ಒಂದು ಮಾತು ಮುಟ್ಟಿಸಬೇಕಾದರೆ ಕಿರುಚಬೇಕು. ಸಣ್ಣದೆಲ್ಲ ಅಲ್ಲಿ ಮುಳುಗಿ ಹೋಗುತ್ತದೆ. ಮಗು ಅತ್ತದ್ದು ಕೇಳುವುದಿಲ್ಲ, ಹಾಲು ಉಕ್ಕಿದ್ದು ತಿಳಿಯುವುದಿಲ್ಲ. ಅಂಥ ಜಾಗದಲ್ಲಿ ಸತ್ತ ಕೈಗೆ ಸಣ್ಣ ಲಿಂಗದ ಭಾರ ಹೇಗೆ ತಿಳಿದೀತು? ಅಕ್ಕಾರು ಭಾಗ್ಯವಂತಿಯ ಕೃಪೆ ಎಂದರು. ನಮ್ಮವರು, ಪಾಪ ಹಿರಿಯರು, ನಾಲ್ಕು ಮಂದಿ ನಡುವೆ ಕೂತರೆ ಮನಸ್ಸಿಗೆ ಹಗುರ, ಅಷ್ಟೇ ಎಂದರು. ನಾನು ಒಮ್ಮೆ ಅವರ ಮಾತು ಸರಿ ಎನ್ನುತ್ತಿದ್ದೆ, ಒಮ್ಮೆ ಇವರ ಮಾತು.

ಮಾಸ್ತರಿಗೇ ಅನುಮಾನ ಇತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಒಂದು ಮಧ್ಯಾಹ್ನ ಪಾಳಿ ಖಾಲಿಯಾದಾಗ ಬಂದು ಕೂತರು. "ನಾ ನನ್ನನ್ನ ಮಳ್ಳ ಮಾಡಕೊಳ್ಳಾಕತ್ತೇನೋ ಏನೋ ನೋಡಬೇಕಾಗೇದ ತಂಗಿ. ಜರಾ ಮದತ್ ಮಾಡು" ಎಂದರು. ನನ್ನ ಕೈಗೆ ಜೋಳದ ಕಾಳು ಕೊಟ್ಟರು. ತಾವು ಕಣ್ಣು ಮುಚ್ಚಿ ಅಂಗೈ ಚಾಚುತ್ತಾರೆ. ನಾನು ಒಮ್ಮೆ ಕಾಳು ಇಡಬೇಕು, ಒಮ್ಮೆ ಸುಮ್ಮನೆ ಇಟ್ಟಂತೆ ಮಾಡಬೇಕು. ಅವರು ಅದ, ಇಲ್ಲ ಎಂದು ಹೇಳುತ್ತಾರೆ. ಲಿಂಗದಿಂದಲೇ ನೋಡಬಹುದಲ್ಲ ಎಂದು ನಾನು ಬಾಯಿ ತಪ್ಪಿ ಅಂದೆ. ಅವರು ತಲೆ ಅಲ್ಲಾಡಿಸಿದರು. ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಪರೀಕ್ಷೆಗೂ ಹಚ್ಚುವುದಿಲ್ಲ.

ಮೊದಲು ಎಲ್ಲ ಬಂದ್ ಮಾಡಿ ನೋಡಿದೆವು. ಕಾಳು ಇಟ್ಟಾಗ ಇಲ್ಲ ಎಂದರು, ಇಡದಿದ್ದಾಗ ಅದ ಎಂದರು, ಒಮ್ಮೊಮ್ಮೆ ಸರಿ ಹೇಳಿದರು. ಕುರುಡರು ದಾರಿ ಹುಡುಕಿದ ಹಾಗೆ. ಆಮೇಲೆ ಜೋಳದ ಕಲ್ಲು ಚಾಲೂ ಮಾಡಿದೆ. ಕಟ್ಟೆ ನಡುಗತೊಡಗಿತು. ಈಗ ತಪ್ಪು ಕಡಿಮೆಯಾದವು. ತಪ್ಪೇ ಇರಲಿಲ್ಲ ಎನ್ನಲಾರೆ, ಆದರೆ ಬಹುಪಾಲು ಸರಿ ಹೇಳಿದರು. ಅವರ ಮುಖ ಅರಳಿತ್ತು. "ಇನ್ನ ಖಾರದ ಮಷೀನೂ ಹಾಕು" ಎಂದರು. ಅದನ್ನೂ ಹಾಕಿದೆ. ಅದು ಧಡಲ್ ಧಡಲ್ ಎಂದು ಬಡಿಯುತ್ತದೆ, ಗೋಡೆಯ ಮೇಲಿನ ದೇವರ ಫೋಟೋ ಕೂಡ ಕುಣಿಯುತ್ತದೆ. ಮತ್ತೆ ಎಲ್ಲ ತಪ್ಪು. ಕಾಳು ಇದ್ದರೂ ಇಲ್ಲದಿದ್ದರೂ ಅವರಿಗೆ ಒಂದೇ. ಖಾರದ ಘಾಟಿಗೆ ಇಬ್ಬರೂ ಕೆಮ್ಮಿ ಕೆಮ್ಮಿ ಹೊರಗೆ ಬಂದೆವು.

ಹೊರಗೆ ನಿಂತು ಕಣ್ಣೊರೆಸಿಕೊಳ್ಳುತ್ತಾ ನನಗೆ ತಿಳಿಸಿ ಹೇಳಲು ನೋಡಿದರು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವರು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಇಷ್ಟು. ಕೈಯ ನರಕ್ಕೆ ಒಂದು ಹೊಸ್ತಿಲು ಇರುತ್ತದೆ. ಭಾರ ಆ ಹೊಸ್ತಿಲು ದಾಟಿದರೆ ಮಾತ್ರ ಸುದ್ದಿ ಒಳಗೆ ಹೋಗುತ್ತದೆ. ಕಾಯಿಲೆಯಿಂದ ಅವರ ಹೊಸ್ತಿಲು ಎತ್ತರವಾಗಿದೆ, ಲಿಂಗದ ಭಾರ ಅದರ ಕೆಳಗೇ ನಿಲ್ಲುತ್ತದೆ. ಕಟ್ಟೆಯ ನಡುಕಕ್ಕೆ ಸ್ವಂತದ ಸುದ್ದಿ ಏನೂ ಇಲ್ಲ. ಆದರೆ ಅದು ಕೆಳಗೆ ನಿಂತದ್ದನ್ನು ಆಗೊಮ್ಮೆ ಈಗೊಮ್ಮೆ ಎತ್ತಿ ಆಚೆ ಹಾಕುತ್ತದೆ. ಭಾರ ಇದ್ದಾಗ ಹೆಚ್ಚು ಸಲ ದಾಟುತ್ತದೆ, ಇಲ್ಲದಾಗ ಕಡಿಮೆ. ಕೈಗೆ ಆ ಫರಕು ತಿಳಿಯುತ್ತದೆ. ನಡುಕ ಹೆಚ್ಚಾದರೆ ಇದ್ದದ್ದೂ ಇಲ್ಲದ್ದೂ ಎಲ್ಲವೂ ದಾಟಿಬಿಡುತ್ತದೆ, ಆಗ ಏನೂ ತಿಳಿಯುವುದಿಲ್ಲ. ನಡುವೆ ಎಲ್ಲೋ ಒಂದು ಅಳತೆ ಇದೆ.

ನನ್ನ ಮುಖ ನೋಡಿ ಅವರಿಗೆ ತಿಳಿಯಿತು, ನನಗೆ ತಿಳಿದಿಲ್ಲವೆಂದು. ಒಳಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿ ತೂಗುಹಾಕಿದ್ದ ಹಳೆಯ ತಕ್ಕಡಿಯನ್ನು ತೋರಿಸಿದರು. ಅದರ ನಡುವಿನ ಮೊಳೆ ಜಂಗು ಹಿಡಿದು ಬಿಗಿಯಾಗಿತ್ತು. ಒಂದು ತಟ್ಟೆಗೆ ಚಿಟಿಕೆ ಹಿಟ್ಟು ಹಾಕಿದರು. ಅಲುಗಲಿಲ್ಲ. ತೆಗೆದರು. ಅಲುಗಲಿಲ್ಲ. ಜೋಳದ ಕಲ್ಲು ಮಾತ್ರ ಚಾಲೂ ಮಾಡಿಸಿ ಮತ್ತೆ ಚಿಟಿಕೆ ಹಾಕಿದರು. ತಕ್ಕಡಿ ಸಣ್ಣಗೆ ನಡುಗುತ್ತಾ ನಡುಗುತ್ತಾ ಆ ಕಡೆ ವಾಲಿತು. ಉಫ್ ಎಂದು ಊದಿ ಹಾರಿಸಿದರು, ಮೆಲ್ಲಗೆ ತಿರುಗಿ ಬಂತು. ಶಾಲೆಯ ಹುಡುಗನ ಹಾಗೆ ಮತ್ತೆ ಮತ್ತೆ ಮಾಡಿ ತೋರಿಸಿದರು.

"ತಕ್ಕಡಿ ಕಬ್ಬಿಣದ್ದ್ರಿ ಸರ್. ಕೈ ಜೀವದ್ದು" ಎಂದೆ.

ಅವರು ಊದುವುದನ್ನು ನಿಲ್ಲಿಸಿದರು. "ನನ್ನ ಸಂಶಯನೂ ಅಲ್ಲೇ ಅದ ತಂಗಿ. ಕಬ್ಬಿಣಕ್ಕ ಆಸೆ ಇರಂಗಿಲ್ಲ. ನನಗ ಅದ. ಕೈಗಿ ತಿಳಿಯಾಕತ್ತದೋ, ತಿಳೀಲಿ ಅಂತ ನಾ ಅನಕೊಂಡಿದ್ದಕ್ಕ ಹಂಗ ಅನಸ್ತದೋ... ಕಾಳಿನ ಲೆಕ್ಕ ಬರೋಬರಿ ಬಂತು. ಲಿಂಗದ್ದು ಯಾರು ನೋಡಬೇಕು?"

ಅಷ್ಟು ದೊಡ್ಡ ಮಾಸ್ತರು ಗೊಂದಲದಲ್ಲಿ ಇದ್ದಾರೆಂದು ತಿಳಿದು ನನಗೆ ಒಂದು ರೀತಿಯ ಹಗುರವೂ ಆಯಿತು, ಭಯವೂ ಆಯಿತು.

ಆಮೇಲೆ ಬಹಳ ದಿನ ಚೆನ್ನಾಗಿ ನಡೆಯಿತು. ಕರೆಂಟು ಇಲ್ಲದ ದಿನ ಮಾತ್ರ ಕಷ್ಟ. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬರದಿದ್ದರೆ ಅವರು ಹಸಿದು ಕಟ್ಟೆಯ ಮೇಲೆಯೇ ಕೂಡುತ್ತಿದ್ದರು. ಅಕ್ಕಾರು ಬೆಲ್ಲದ ತುಂಡು ಹಿಡಿದು ಬಾಗಿಲಲ್ಲಿ. ಅಂಥದೊಂದು ದಿನ ಅಕ್ಕಾರಿಗೆ ಒಂದು ಉಪಾಯ ಹೊಳೆಯಿತು. ಗಿರಣಿ ನಡೆಯುವಾಗಿನ ಸದ್ದನ್ನು ಮುಂಚೆಯೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಅದನ್ನು ಸ್ಟೀಲಿನ ಚರಿಗೆಯೊಳಗೆ ಇಟ್ಟು, ಜೋರು ಮಾಡಿ, ಮನೆಗೆ ಕರೆತಂದು ಜಗಲಿಯ ಮುಂದೆ ಕೂಡಿಸಿದ ಗಂಡನ ಪಕ್ಕ ಇಟ್ಟರಂತೆ. ಓಣಿಯವರು ಗಿರಣಿ ಚಾಲೂ ಆಯಿತೆಂದು ಡಬ್ಬಿ ಹೊತ್ತು ನಮ್ಮಲ್ಲಿಗೆ ಬಂದರು.

"ಕಿವಿಗಲ್ಲಲೇ ಮಳ್ಳಿ, ಕೈಗಿ ಬೇಕಾಗೇದ ನನಗ" ಎಂದು ಮಾಸ್ತರು ನಕ್ಕು ನಕ್ಕು ಸುಸ್ತಾದರಂತೆ.

"ನನಗೇನು ಮಾಲೂಮ್ರಿ? ಗದ್ದಲ ಬೇಕಂದ್ರಿ, ಗದ್ದಲ ತಂದೆ. ನಿಮ್ಮ ಶಿವಗ ಇಷ್ಟು ನಖರಾ ಯಾಕ?" ಎಂದರಂತೆ ಅಕ್ಕಾರು. ಹೇಳುವಾಗ ಅವರೂ ನಗುತ್ತಿದ್ದರು. ಆ ದಿನಗಳಲ್ಲಿ ಅವರಿಬ್ಬರೂ ನಗುತ್ತಿದ್ದರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು ಎಂದು ನನಗೆ ಅನಿಸುತ್ತದೆ.

ಚಳಿಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ವಯಸ್ಸು, ಸಕ್ಕರೆ, ಆಪರೇಶನ್ ಬೇಡ ಎಂದು ಮನೆಗೆ ಕಳಿಸಿದರು. ಮಂಚದಿಂದ ಅಲುಗಿಸುವಂತಿರಲಿಲ್ಲ. ಗೋಡೆಯಾಚೆ ನಮ್ಮ ಕಲ್ಲು ತಿರುಗುತ್ತಿತ್ತು, ಆದರೆ ಅವರ ಮಲಗುವ ಕೋಣೆ ಮನೆಯ ಆ ತುದಿಗೆ, ಅಲ್ಲಿಗೆ ಸದ್ದು ಹೋಗುತ್ತಿತ್ತು, ನಡುಕ ಹೋಗುತ್ತಿರಲಿಲ್ಲ. ಮತ್ತೆ ಊಟ ನಿಂತಿತು. ಮಗಳು ಅಫಜಲಪುರದಿಂದ ಬಂದು ಕೈಮುಗಿದು ಕೇಳಿಕೊಂಡಳು. ಒಂದು ಚಮಚ ಗಂಜಿ ಬಾಯಿ ಹತ್ತಿರ ಹಿಡಿದರೆ ಮುಖ ತಿರುಗಿಸಿ, "ಇನ್ನೂ ಪೂಜಿ ಆಗಿಲ್ಲವ್ವ" ಎನ್ನುತ್ತಿದ್ದರು. ಸಿಟ್ಟಿನಿಂದ ಅಲ್ಲ, ಚಿಕ್ಕ ಹುಡುಗಿಗೆ ಹೇಳುವ ಹಾಗೆ.

ಅಕ್ಕಾರು ನಮ್ಮ ಮನೆಗೆ ಬಂದು ಗಿರಣಿಯ ಕಲ್ಲಿನ ಮುಂದೆ ನಿಂತುಬಿಟ್ಟರು. ಅದನ್ನು ಹೊತ್ತುಕೊಂಡು ಹೋಗುವವರ ಹಾಗೆ ನೋಡುತ್ತಿದ್ದರು. ಆಗ ನನಗೆ ನಮ್ಮ ಅತ್ತೆಯ ಕಾಲದ ಬೀಸುಕಲ್ಲು ನೆನಪಾಯಿತು. ಹಿತ್ತಲಲ್ಲಿ ಬಿದ್ದಿತ್ತು, ಓಣಿಯ ಕೋಳಿಗಳು ಅದರ ಮೇಲೆ ಕೂಡುತ್ತಿದ್ದವು. ತೊಳೆದು, ನಮ್ಮವರ ಕೈಲಿ ಹೊರಿಸಿಕೊಂಡು ಹೋದೆ. ಮಾಸ್ತರ ಮಂಚದ ತಲೆದೆಸೆಯ ಎರಡು ಕಾಲುಗಳ ಕೆಳಗೆ ಒಂದು ಉದ್ದನೆಯ ಹಲಗೆ ಸರಿಸಿದೆವು. ಅದೇ ಹಲಗೆಯ ಈ ತುದಿಗೆ ಬೀಸುಕಲ್ಲು ಇಟ್ಟು ಕೂತೆ. ಮಾಸ್ತರು ನೋಡುತ್ತಾ ಮಲಗಿದ್ದರು. ಏನು ಮಾಡುತ್ತಿದ್ದೇನೆಂದು ಕೇಳಲಿಲ್ಲ, ತಿಳಿದಿತ್ತು.

ಅಕ್ಕಾರು ಬಿಸಿನೀರಿನಲ್ಲಿ ಅವರ ಮೈ ಒರೆಸಿ, ವಿಭೂತಿ ಹಚ್ಚಿ, ಎಡಗೈಯನ್ನು ಮಂಚದ ಪಟ್ಟಿಯ ಮೇಲೆ ಇಟ್ಟರು. ಅವರು ಬಲಗೈಯಿಂದಲೇ ತಡಕಾಡಿ ಲಿಂಗ ಇಟ್ಟುಕೊಂಡರು. ನಾನು ಜೋಳ ಹಾಕಿ ಬೀಸತೊಡಗಿದೆ. ಬೀಸುಕಲ್ಲು ಬೀಸಿ ಎಷ್ಟೋ ವರ್ಷವಾಗಿತ್ತು. ಭಯಕ್ಕೆ ಜೋರಾಗಿ ತಿರುವಿದೆ, ಮಂಚ ಗಡಗಡ ಎಂದಿತು.

"ಮೆಲ್ಲಗ ತಂಗಿ... ಅದು ಖಾರದ ಮಷೀನ್ ಆತು." ಕಣ್ಣು ಮುಚ್ಚಿದ್ದರೂ ತುಟಿಯಲ್ಲಿ ನಗು ಇತ್ತು. ನಿಧಾನ ಮಾಡಿದೆ. ಇನ್ನೂ ನಿಧಾನ. ಕಾಳು ಸಣ್ಣಗೆ ಒಡೆಯುವ ಹದಕ್ಕೆ ಬಂದಾಗ "ಹಾಂ" ಎಂದರು. "ಇಷ್ಟ ಇರಲಿ."

ಕೋಣೆಯಲ್ಲಿ ಬೀಸುವ ಸದ್ದು ಬಿಟ್ಟರೆ ಬೇರೆ ಇಲ್ಲ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಬಹಳ ಹೊತ್ತಾದ ಮೇಲೆ ಮಾಸ್ತರು ಕಣ್ಣು ತೆರೆದು "ಆತವ್ವ" ಎಂದರು. ಗಂಜಿ ಕುಡಿದರು. ಅಕ್ಕಾರು ಅಡುಗೆ ಮನೆಗೆ ಹೋಗಿ ಅಳುವುದು ಕೇಳಿಸಿತು.

ಅಂದಿನಿಂದ ದಿನವೂ ಬೆಳಿಗ್ಗೆ ಗಿರಣಿಗೆ ಹೋಗುವ ಮೊದಲು ನನಗೆ ಅದೇ ಕೆಲಸ. ಅವರು ದಿನವೂ ಉಂಡರು. ಸ್ವಲ್ಪವೇ, ಆದರೆ ಉಂಡರು. ಹಾಗಾಗಿ ಎಲ್ಲ ಸರಿ ಹೋಯಿತು ಎಂದು ಹೇಳಿ ಈ ಬರಹವನ್ನು ಮುಗಿಸಬಹುದಿತ್ತು. ಒಂದು ಬೆಳಿಗ್ಗೆಯ ಮಾತು ಇಲ್ಲದಿದ್ದರೆ...

ಆ ಬೆಳಿಗ್ಗೆ ಬೀಸುಕಲ್ಲಿನ ಗೂಟ ಸಡಿಲಾಯಿತು. ಕೈ ಬಿಟ್ಟು, ಸದ್ದಾಗದಂತೆ ಗೂಟವನ್ನು ತಿರುವಿ ಬಿಗಿ ಮಾಡುತ್ತಿದ್ದೆ. ಹೊತ್ತು ಹಿಡಿಯಿತು. ತಲೆ ಎತ್ತಿ ನೋಡಿದರೆ ಮಾಸ್ತರು ಹಾಗೇ ಇದ್ದರು. ಕಣ್ಣು ಮುಚ್ಚಿ, ಅಂಗೈ ಚಾಚಿ, ಮುಖದ ಮೇಲೆ ಅದೇ ಶಾಂತಿ. ಕಲ್ಲು ನಿಂತು ಎಷ್ಟೋ ಹೊತ್ತಾಗಿತ್ತು. ಮಂಚ ಅಲುಗುತ್ತಿರಲಿಲ್ಲ. ಅವರ ಹುಬ್ಬು ಕೂಡ ಅಲುಗಿರಲಿಲ್ಲ. ನನಗೆ ಬೀಸಬೇಕೋ ಬಾರದೋ ತಿಳಿಯಲಿಲ್ಲ. ಆಮೇಲೆ ಅವರು ಕಣ್ಣು ತೆರೆದು, ನನ್ನ ಸುಮ್ಮನಿದ್ದ ಕೈಗಳನ್ನು ನೋಡಿದರು, ನನ್ನ ಮುಖವನ್ನು ನೋಡಿದರು. "ಸಾಕು, ಆತು" ಎಂದರು. ಗಂಜಿ ತರಲು ಹೇಳಿದರು.

ನಾನು ಕೇಳಲಿಲ್ಲ. ಏನೆಂದು ಕೇಳಬೇಕಿತ್ತು? ಕೈಗೆ ತಿಳಿಯುತ್ತದೆಯೋ ಇಲ್ಲವೋ ಎಂದು ಸಾಯುವ ಮನುಷ್ಯರನ್ನು ಕೇಳುವುದೇ? ಕಲ್ಲು ನಿಂತದ್ದು ಅವರಿಗೆ ತಿಳಿಯಲೇ ಇಲ್ಲವೋ. ಅಷ್ಟು ದಿನದ ನಡುಕ ಅವರ ಕೈಯಲ್ಲೇ ಉಳಿದುಕೊಂಡಿತ್ತೋ. ಅಥವಾ ಮೊದಲ ದಿನದಿಂದಲೂ ಏನೂ ತಿಳಿದಿರಲಿಲ್ಲವೋ... ನೆಲದ ಮೇಲೆ ಕೂತು ಬೀಸುವ ನನ್ನನ್ನು, ಬಾಗಿಲಲ್ಲಿ ನಿಂತ ಮಗಳನ್ನು, ಬಟ್ಟಲು ಹಿಡಿದ ಹೆಂಡತಿಯನ್ನು ನೋಡಿ, ಇವರಿಗಾಗಿ ಉಂಡುಬಿಡೋಣ ಎಂದು ಉಂಡರೋ? ಹಾಗಿದ್ದರೆ ಅಷ್ಟು ದೊಡ್ಡ ನೇಮವನ್ನು ನಮಗಾಗಿ ಬಿಟ್ಟ ಹಾಗಾಯಿತು. ಇಲ್ಲ, ಕಾಳಿನ ಪರೀಕ್ಷೆ ನಾನೇ ಮಾಡಿದ್ದೆ, ಗಿರಣಿಯ ಕಟ್ಟೆಯ ಮೇಲೆ ಕೈಗೆ ತಿಳಿದದ್ದು ಸುಳ್ಳಲ್ಲ. ಮಂಚದ ಮೇಲೆ ಮಾತ್ರ ಯಾಕೆ ಸುಳ್ಳಾಗಬೇಕು? ಹೀಗೆ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಗೆ ಬರುತ್ತೇನೆ, ಮತ್ತೆ ಹೊರಟಲ್ಲಿಗೇ ಹೋಗುತ್ತೇನೆ.

ಹೊಲದಲ್ಲಿ ಕಡಲೆ ಕೀಳುವ ಹೊತ್ತಿಗೆ ಅವರು ಹೋದರು. ಆ ಬೆಳಿಗ್ಗೆಯೂ ಪೂಜೆ ಆಗಿತ್ತು, ಗಂಜಿ ಕುಡಿದಿದ್ದರು.

ನಮ್ಮಲ್ಲಿ ಸುಡುವುದಿಲ್ಲ. ಕೂತ ಹಾಗೆಯೇ ಕುಣಿಯಲ್ಲಿ ಇಳಿಸಿ, ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಹೆಂಗಸರು ದೂರ ನಿಂತಿದ್ದೆವು. ಊರಿನ ಹಲಗೆಯವರು ಕುಣಿಯ ಅಂಚಿಗೇ ಬಂದು ಬಾರಿಸುತ್ತಿದ್ದರು. ನೆಲ ಅದುರುತ್ತಿತ್ತು. ನನ್ನ ಬರಿಗಾಲಿಗೆ ತಿಳಿಯುತ್ತಿತ್ತು. ಎಲ್ಲರೂ ಅಳುತ್ತಿದ್ದರು. ನಾನೂ ಅಳಬೇಕಿತ್ತು. ನನ್ನ ತಲೆಯಲ್ಲಿ ಮಾತ್ರ ಒಂದೇ ಮಾತು ತಿರುಗುತ್ತಿತ್ತು, ಇಷ್ಟು ಜೋರು ಬೇಡ, ಇದು ಖಾರದ ಮಷೀನ್ ಆಯಿತು, ಇಷ್ಟು ಜೋರಾದರೆ ಅವರಿಗೆ ತಿಳಿಯುವುದಿಲ್ಲ... ಯಾರಿಗಾದರೂ ಹೇಳಿದ್ದರೆ ನನ್ನನ್ನು ಹುಚ್ಚಿ ಎನ್ನುತ್ತಿದ್ದರು. ಆಮೇಲೆ ಮಣ್ಣು ಹಾಕುವಾಗ ಹಲಗೆಯ ಬಡಿತ ಒಮ್ಮೆಲೇ ನಿಂತಿತು. ಕಾಲ ಕೆಳಗಿನ ನೆಲ ಸುಮ್ಮನಾಯಿತು. ಆಗ ಅಳು ಬಂತು.

ಅಕ್ಕಾರು ಈಗ ಅಫಜಲಪುರದಲ್ಲಿ ಮಗಳ ಹತ್ತಿರ ಇದ್ದಾರೆ. ಆರಾಮಾಗಿದ್ದಾರೆ. ಫೋನು ಮಾಡಿದರೆ "ನಿಮ್ಮ ಗಿರಣಿ ಸದ್ದು ಕೇಳಸು ಬೇ" ಎನ್ನುತ್ತಾರೆ. ನಾನು ಫೋನನ್ನು ಕಲ್ಲಿನ ಹತ್ತಿರ ಹಿಡಿಯುತ್ತೇನೆ. ಮೊದಲಿನಷ್ಟು ಜೋರಿಲ್ಲ ಎನ್ನುತ್ತಾರೆ. ಇಲ್ಲ ನಿಜ. ಹೋದ ವರ್ಷ ನಮ್ಮವರು ಹೊಸ ಯಂತ್ರ ತಂದು, ಕೆಳಗೆ ದಪ್ಪ ರಬ್ಬರು ಹಾಕಿ ಕೂಡಿಸಿದ್ದಾರೆ. ಈಗ ಮನೆಯೊಳಗೆ ಮಾತು ಕೇಳುತ್ತದೆ, ಹಾಲು ಉಕ್ಕಿದರೆ ತಿಳಿಯುತ್ತದೆ. ಎಲ್ಲರೂ ಒಳ್ಳೆಯದಾಯಿತು ಎಂದರು. ನಾನೂ ಎಂದೆ.

ಬಸ್ಸಿನ ಆ ದಿನ ಡ್ರೈವರ್ ಚಾ ಕುಡಿದು ಬಂದು ಗಾಡಿ ಬಿಟ್ಟ. ಕೆಟ್ಟ ರಸ್ತೆ, ಬಸ್ಸೆಲ್ಲ ಕುಲುಕಾಡಿತು, ಸರಳಿನ ಆ ಸಣ್ಣ ನಡುಕ ಅದರಲ್ಲಿ ಕಳೆದುಹೋಯಿತು. ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಎಂದಿನಂತೆ ಕಸ ಹೊಡೆದು, ಜೋಳ ಸುರಿದು, ಸ್ವಿಚ್ಚಿನ ಹತ್ತಿರ ನಿಂತೆ. ಗೋಡೆಯಾಚೆಯಿಂದ ಘಂಟೆ ಬರುವುದಿಲ್ಲ ಎಂಬುದು ಗೊತ್ತು, ಆದರೂ ಕೈ ಒಂದಿಷ್ಟು ತಡೆಯುತ್ತದೆ, ಈಗಲೂ. ಕಟ್ಟೆಯ ಮೂಲೆಯಲ್ಲಿ ಒಂದು ಕಾಳು ಬಿದ್ದಿತ್ತು. ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಯಂತ್ರ ಬಂದ್ ಇತ್ತು, ಓಣಿಯಲ್ಲಿ ಸದ್ದಿರಲಿಲ್ಲ. ನನಗೆ ಕಾಳು ತಿಳಿಯಿತು. ನನ್ನ ಕೈಗೆ ಯಾವ ನಡುಕವೂ ಬೇಕಿಲ್ಲ. ಬೀಸುಕಲ್ಲು ನಿಂತ ಆ ಬೆಳಿಗ್ಗೆ ಅವರ ಕೈಗೆ ಏನು ತಿಳಿದಿತ್ತು ಎಂಬುದು ಮಾತ್ರ ಎಷ್ಟು ಹೊತ್ತು ಕೂತರೂ ತಿಳಿಯಲಿಲ್ಲ.

"ಏನಕ್ಕ, ಕರೆಂಟ್ ಇಲ್ಲೇನು?" ಬಾಗಿಲಲ್ಲಿ ಯಾರೋ ಡಬ್ಬಿ ಇಳಿಸಿದರು.

"ಅದ ಬೇ" ಎಂದೆ. ಕಾಳನ್ನು ಕಲ್ಲಿನ ಬಾಯಿಗೆ ಹಾಕಿ ಸ್ವಿಚ್ಚು ಒತ್ತಿದೆ.